ಅವಳಿಗೆ ಎತ್ತರದ ಭಯವಿತ್ತು

ಭಾನುವಾರ, ಬೆಳಗ್ಗೆ

ಅಳಿಯಂದಿರಿಗೆ,

ಕ್ಷೇಮವೇ ಎಂದು ಕೇಳುವುದು ಈ ದಿನಗಳಲ್ಲಿ ನಮ್ಮಿಬ್ಬರ ನಡುವೆ ಪರಿಹಾಸ್ಯವಾದೀತು. ಆದ್ದರಿಂದ ಕ್ಷೇಮವನ್ನು ಕೇಳದೆ, ಹಾರೈಸಿ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿನ್ನೆ ಸಂಜೆ ನೀವು ಫೋನ್ ಮಾಡಿದಾಗ ಎತ್ತಿಕೊಂಡವಳು ನಿಮ್ಮ ಅತ್ತೆ. ನಾನು ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ. ಠಾಣೆಯಿಂದ ಕರೆ ಬಂದಿದೆ, ಹೆಂಡತಿಯ ಸಾವಿನ ವಿಷಯದಲ್ಲಿ ಮತ್ತೊಮ್ಮೆ ವಿಚಾರಿಸಬೇಕಂತೆ, ಬುಧವಾರ ಬಾ ಎಂದಿದ್ದಾರೆ, ಏನು ಮಾಡಬೇಕೋ ತೋಚುತ್ತಿಲ್ಲ ಎಂದು ನೀವು ಹೇಳಿಕೊಂಡದ್ದು ನನ್ನ ಕಿವಿಗೂ ಬಿತ್ತು. ವಿಮಾ ಕಚೇರಿಯಲ್ಲಿ ಜನರ ಹೇಳಿಕೆಗಳನ್ನು ಓದಿ, ಎಲ್ಲಿ ಹೆಣಿಗೆ ಸಡಿಲವಿದೆಯೆಂದು ಹುಡುಕುವುದೇ ನನ್ನ ಜೀವಮಾನದ ಉದ್ಯೋಗವಾಗಿತ್ತು. ಇಂಥ ಪ್ರಶ್ನೆಗೆ ಈ ಮನೆಯಲ್ಲಿ ಉತ್ತರ ಬಲ್ಲವನು ಒಬ್ಬನೇ. ನೀವು ಕೇಳಿದ್ದು ಅವನನ್ನಲ್ಲ. ಮನೆಗೆ ಬೆಂಕಿ ಬಿದ್ದವನು ತನ್ನ ಬಾವಿಯನ್ನು ದಾಟಿ ಹೋಗಿ ಪಕ್ಕದ ಮನೆಯಲ್ಲಿ ಒಂದು ಚೊಂಬು ನೀರು ಕೇಳಿದಂತಾಯಿತು.

ಫೋನ್ ಇಟ್ಟಮೇಲೆ ನಿಮ್ಮ ಅತ್ತೆ ನನ್ನ ಕಡೆ ತಿರುಗಿ ಹೇಳಿದಳು: "ನೀವೇ ಹೇಳಿ ಅವನಿಗೆ. ಆದ್ರೆ ಫೋನಲ್ಲಿ ಬೇಡ. ನೀವು ಬಾಯಿ ತೆಗೆದ್ರೆ ಅದು ವಾದ ಆಗುತ್ತೆ. ಬರೀರಿ. ಕಾಗದದ ಮೇಲಾದ್ರೆ ಸ್ವಲ್ಪ ಆರಿರುತ್ತೆ." ಆದ್ದರಿಂದ ಬರೆಯುತ್ತಿದ್ದೇನೆ. ಮಧ್ಯಾಹ್ನ ಅವಳೇ ಇದನ್ನು ತಂದುಕೊಡುತ್ತಾಳೆ.

ಮೊದಲು, ಕರೆ ಮಾಡಿದವರು ಠಾಣೆಯವರೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪೊಲೀಸರೆಂದು ಹೇಳಿಕೊಂಡು ಹೆದರಿಸಿ ಸುಲಿಯುವವರಿಗೆ ಈಗ ಬರವಿಲ್ಲ. ಬಂದ ಸಂಖ್ಯೆಗೆ ಮರಳಿ ಕರೆಯದೆ, ಠಾಣೆಯ ಸಂಖ್ಯೆಯನ್ನು ನೀವೇ ಹುಡುಕಿ ಅಲ್ಲಿಗೆ ಫೋನ್ ಮಾಡಿ. ಕರೆದ ಅಧಿಕಾರಿ ಯಾರು, ಯಾವ ಪ್ರಕರಣ ಎಂದು ಕೇಳಿ. ಆಮೇಲೆ ಇನ್ನೊಂದು ಪ್ರಶ್ನೆ: ನನ್ನನ್ನು ಕರೆಯುತ್ತಿರುವುದು ಸಾಕ್ಷಿಯೆಂದೋ, ನನ್ನ ಮೇಲೇ ಸಂಶಯವಿದೆಯೆಂದೋ? ಹೇಳಲು ಹಿಂಜರಿದರೆ ಆ ಹಿಂಜರಿಕೆಯೂ ಒಂದು ಉತ್ತರವೇ. ಕರೆಯನ್ನು ಬರಹದಲ್ಲಿ ಕಳುಹಿಸಿ ಎನ್ನಿ. ಕೇಳಿದರೆ ಸಿಟ್ಟಾಗುತ್ತಾರೆಂದು ಅಂಜಬೇಡಿ. ಅಂಗಡಿಯವರು ಬೋರ್ಡಿನ ಮೇಲೆ ಬೇಕಾದ ಅಕ್ಷರಗಳನ್ನು ತಮ್ಮ ಕೈಯಾರೆ ಬರೆದುಕೊಡುವ ತನಕ ನೀವು ಕುಂಚ ಅದ್ದುವುದಿಲ್ಲವೆಂದು ನನ್ನ ಮಗಳು ಹೆಮ್ಮೆಯಿಂದ ಹೇಳುತ್ತಿದ್ದಳು. ಅದೇ ಶಿಸ್ತು ಇಲ್ಲಿಯೂ ಸಲ್ಲುತ್ತದೆ.

ಒಬ್ಬರೇ ಹೋಗಬೇಡಿ. "ತಪ್ಪು ಮಾಡದೋನಿಗೆ ವಕೀಲ ಯಾಕತ್ತೆ?" ಎಂದು ನಿನ್ನೆ ಕೇಳಿದಿರಿ. ನನ್ನ ವೃತ್ತಿಯಲ್ಲಿ ಈ ಮಾತನ್ನು ಬಹಳ ಸಲ ಕೇಳಿದ್ದೇನೆ. ಹೇಳಿದವರಲ್ಲಿ ಹೆಚ್ಚಿನವರು ನಿರಪರಾಧಿಗಳೇ ಆಗಿದ್ದರು, ಕೊನೆಗೆ ಕೈಸುಟ್ಟುಕೊಂಡವರೂ ಅವರೇ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ವರ್ಷವರ್ಷವೂ ನನ್ನೆದುರು ಸೋಲುತ್ತಿದ್ದ ಗೆಳೆಯನೊಬ್ಬನಿದ್ದಾನೆ. ಗೆದ್ದವನು ವಿಮಾ ಕಚೇರಿ ಸೇರಿದ, ಸೋತವನು ವಕೀಲನಾದ, ವಿಧಿಗೂ ಹಾಸ್ಯಪ್ರಜ್ಞೆಯಿದೆ. ನಿನ್ನೆಯೇ ಅವನೊಡನೆ ಮಾತನಾಡಿದೆ. ನೀವು ಮಿತಭಾಷಿಯೆಂದು ತಿಳಿಸಿದಾಗ ಅವನೆಂದ: "ಅಂಥ ಕಕ್ಷಿದಾರ ಸಿಗೋದೇ ಪುಣ್ಯ ಕಣಯ್ಯ. ಅವನ ಜಾಗದಲ್ಲಿ ನೀನಾಗಿದ್ರೆ ನಾನು ಕೇಸೇ ಮುಟ್ತಿರಲಿಲ್ಲ." ಬುಧವಾರ ಅವನು ನಿಮ್ಮೊಡನೆ ಬರುತ್ತಾನೆ. ಅದಕ್ಕೆ ಮುನ್ನ ಅವನ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ. ಅವನೆದುರು ಮಾತ್ರ ಏನನ್ನೂ ಮುಚ್ಚಿಡಬೇಡಿ.

ಫೋನಿನಿಂದ ಏನನ್ನೂ ಅಳಿಸಬೇಡಿ, ಜಗಳದ ಸಂದೇಶಗಳನ್ನೂ ಸಹ. ಗಂಡಹೆಂಡಿರು ಜಗಳವಾಡಿದ್ದು ಅಪರಾಧವಲ್ಲ. ಅಳಿಸಿದ ಜಾಗ ಮಾತ್ರ ಅನುಮಾನಕ್ಕೆ ಆಸನ ಹಾಕಿಕೊಡುತ್ತದೆ. ಅವಳ ದನಿಯ ಸಂದೇಶಗಳು ನಿಮ್ಮಲ್ಲಿವೆಯೆಂದು ಬಲ್ಲೆ. ಹಾಡಿ ಕಳುಹಿಸಿದ್ದೂ ಇದೆಯಂತೆ, ನಿಮ್ಮ ಅತ್ತೆ ಕೇಳಿಸಿಕೊಂಡು ಬಂದಿದ್ದಾಳೆ. ನನ್ನ ಫೋನಿನಲ್ಲಿರುವುದು "ತಲುಪಿದೆ" ಎಂಬ ಒಂದೇ ಪದದ ಸಾಲುಸಾಲು ಸಂದೇಶಗಳು. ಅವನ್ನೂ ನಾನು ಅಳಿಸಿಲ್ಲ.

ಇನ್ನು ಆ ಕೊಠಡಿಯ ವಿಷಯ. ಅದನ್ನು ನಾನು ಬಲ್ಲೆ, ಏಕೆಂದರೆ ಈ ಸಲ ನಿಮಗಿಂತ ಮೊದಲು ನನ್ನನ್ನು ಕರೆದಿದ್ದರು. ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಕಿಟಕಿಗೆ ಬೆನ್ನು ಮಾಡಿ ಅಧಿಕಾರಿ ಕೂರುತ್ತಾಳೆ. ನನ್ನ ಮಗಳ ಓರಗೆಯ ಹೆಣ್ಣುಮಗಳು, ಸೌಜನ್ಯವಂತೆ. ಬೆಳಕು ನಿಮ್ಮ ಮುಖದ ಮೇಲೆ ಬೀಳುತ್ತದೆ, ಅವಳದು ನೆರಳಿನಲ್ಲಿರುತ್ತದೆ. ನಿಮಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಯ ಒಂದು ಕಾಲು ಗಿಡ್ಡ. ಒರಗಿದರೆ ಅದು ಓಲಾಡುತ್ತದೆ, ಓಲಾಡಿದಾಗ ಮನುಷ್ಯ ಬಾಯಿ ಬಿಡುತ್ತಾನೆ. ಮುಂದಕ್ಕೆ ಕುಳಿತುಕೊಳ್ಳಿ. ಹೊಟ್ಟೆಗೆ ತಿಂದು ಹೋಗಿ. ಹೊರಗಿನ ಬೆಂಚಿನಲ್ಲಿ ಪೇದೆಯೊಬ್ಬ ಟೀ ಕೊಟ್ಟು "ಪಾಪ, ಏನಾಯ್ತು ಸರ್?" ಎನ್ನುತ್ತಾನೆ. ಟೀ ಕುಡಿಯಿರಿ, ಉತ್ತರವನ್ನು ಒಳಗಿನ ಕೊಠಡಿಗೆ ಉಳಿಸಿಕೊಳ್ಳಿ. ಒಳಗೆ ಅವಳು ಪ್ರಶ್ನೆಯೊಂದನ್ನು ಕೇಳಿ, ನೀವು ಉತ್ತರಿಸಿದ ಮೇಲೂ ಕಂಪ್ಯೂಟರ್ ಪರದೆಯನ್ನೇ ನೋಡುತ್ತಾ ಸುಮ್ಮನಿರುತ್ತಾಳೆ. ಆ ಮೌನವೇ ಅವಳ ಅತ್ಯುತ್ತಮ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಹೊಣೆ ನಿಮ್ಮದಲ್ಲ.

ನಿಮ್ಮ ವಿಷಯದಲ್ಲಿ ನನಗಿರುವ ದೊಡ್ಡ ಆತಂಕ ಬೇರೆ. ಅದು ನಿಮ್ಮ ಒಂದು ಮಾತು.

ನೀವು ಮೊದಲ ಬಾರಿ ನಮ್ಮ ಮನೆಗೆ ಊಟಕ್ಕೆ ಬಂದ ದಿನ ನೆನಪಿರಬೇಕು. ನಮ್ಮ ಊಟದ ಮೇಜು ಒಂದು ವೇದಿಕೆಯಾಗಿತ್ತು. ಅವಳು ಶಾಲೆಗೆ ಹೋಗುತ್ತಿದ್ದ ದಿನಗಳಿಂದಲೂ ನಾನೊಂದು ವಿಷಯ ಕೊಡುವುದು, ಅವಳು ಅದರ ಪರ, ನಾನು ವಿರೋಧ. ಸಮಯ ಮುಗಿದಾಗ ನಿಮ್ಮ ಅತ್ತೆ ಚಮಚದಿಂದ ಲೋಟಕ್ಕೆ ಬಡಿಯುವುದು. ನಾನು ಮಗಳನ್ನು ಕರೆಯುತ್ತಿದ್ದದ್ದೇ 'ಎದುರಾಳಿ' ಎಂದು. ಅವಳ ಕಾಗದಗಳ ಕೆಳಗೂ ಅದೇ ಸಹಿ ಇರುತ್ತಿತ್ತು. ಆ ದಿನ ನಿಮ್ಮ ಮುಂದೆ ಒಂದು ವಿಷಯವಿಟ್ಟೆ: ಬೋರ್ಡು ಬರೆಯುವುದು ಕಲೆಯೋ, ಕಸುಬೋ? ನೀವು ತುತ್ತು ನುಂಗಿ, "ಎರಡೂ ಇರಬಹುದು ಸಾರ್" ಎಂದು ಪಲ್ಯಕ್ಕೆ ಕೈ ಚಾಚಿದಿರಿ. ನಾನು ಕಲೆಯ ಪರ ವಾದಿಸಿದೆ. "ಹೌದು, ಇರಬಹುದು." ಸೋಲಿಸಲೆಂದು ಕಸುಬಿನ ಪರ ವಾದಿಸಿದೆ. "ಅದೂ ಇರಬಹುದು." ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ಅವಳು ನಕ್ಕಳು. ಮೇಜಿನ ಮೇಲಿನ ಲೋಟಗಳು ಅಲುಗಾಡುವಂತೆ ನಕ್ಕಳು. ನನ್ನ ಎಂಥ ಚಮತ್ಕಾರದ ಮಾತಿಗೂ ಅವಳು ಹಾಗೆ ನಕ್ಕದ್ದಿಲ್ಲ.

ಮದುವೆಯಾದ ಮೇಲೆ ಅವಳು ತವರಿಗೆ ಬಂದಾಗಲೆಲ್ಲ ಆ ಪದವನ್ನು ಹೊತ್ತು ತಂದಳು. ನಾನು ವಿಷಯ ಕೊಟ್ಟರೆ, "ಇರಬಹುದು ಅಪ್ಪ" ಎನ್ನುತ್ತಿದ್ದಳು, ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ನಿಮ್ಮ ಅತ್ತೆ ಚಮಚ ಹಿಡಿದು ಕುಳಿತೇ ಇರುತ್ತಿದ್ದಳು. ನೀವು ನನ್ನ ಮಗಳನ್ನು ಕರೆದುಕೊಂಡು ಹೋದದ್ದನ್ನು ನಾನು ಲೋಕರೂಢಿಯೆಂದು ಸಹಿಸಿದ್ದೆ. ನನ್ನ ಎದುರಾಳಿಯನ್ನು ಕರೆದುಕೊಂಡು ಹೋದದ್ದನ್ನು ಸಹಿಸಲಾಗಲಿಲ್ಲ. ಇದಕ್ಕೆ ನಿಮ್ಮ ಅತ್ತೆ ಒಂದು ಹೆಸರಿಟ್ಟಿದ್ದಾಳೆ. ಪ್ರಸ್ತುತ ವಿಷಯಕ್ಕೆ ಸಂಬಂಧವಿಲ್ಲದ ಕಾರಣ ಅದನ್ನು ಇಲ್ಲಿ ಬರೆಯುವುದಿಲ್ಲ.

ಸಂಬಂಧವಿರುವುದು ಇಷ್ಟು. ನಮ್ಮ ಮೇಜಿನಲ್ಲಿ ಆ ಪದದಿಂದ ಹೆಚ್ಚೆಂದರೆ ನನಗೆ ಮುಖಭಂಗವಾಯಿತು. ಆ ಕೊಠಡಿಯಲ್ಲಿ ಅದರಿಂದ ನಿಮಗೆ ಜೈಲಾಗಬಹುದು. "ಹಿಂದಿನ ದಿನ ಜಗಳ ಆಗಿತ್ತಲ್ವಾ?" "ಇರಬಹುದು." "ಅವರು ಮೇಲೆ ಬರಲ್ಲ ಅಂದ್ರೂ ನೀವು ಬಲವಂತ ಮಾಡಿರಬಹುದಾ?" "ಇರಬಹುದು." ಅಧಿಕಾರಿ ಬರೆದುಕೊಳ್ಳುವಾಗ ನಿಮ್ಮ ವಿನಯವನ್ನು ಬರೆದುಕೊಳ್ಳುವುದಿಲ್ಲ, ಪದವನ್ನು ಬರೆದುಕೊಳ್ಳುತ್ತಾಳೆ. ಅಪಘಾತ ನಡೆದ ದಿನವೇ ನೀವು ಒಂದು ಇರಬಹುದನ್ನು ಕೊಟ್ಟು ಬಂದಿದ್ದೀರಂತೆ. "ಅವರು ಸಾಮಾನ್ಯವಾಗಿ ಕೆಳಗೇ ನಿಂತು ಬಣ್ಣ ಕಲಸ್ತಿದ್ರಾ?" ಎಂದದ್ದಕ್ಕೆ. ಬುಧವಾರ ಹೋಗುವಾಗ ಆ ಪದವನ್ನು ಮನೆಯಲ್ಲಿ ಬಣ್ಣದ ಡಬ್ಬಿಗಳ ಜೊತೆ ಮುಚ್ಚಿಟ್ಟು ಹೋಗಿ. ಹೌದಾದರೆ ಹೌದು. ಅಲ್ಲವಾದರೆ ಅಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ.

ಈ ಕೊನೆಯದನ್ನು ಹೇಳಿಕೊಡಲು ನನಗೆಷ್ಟು ಅಧಿಕಾರವಿದೆಯೆಂದು ನೀವು ಕೇಳಬಹುದು. ನಿಮ್ಮದು ಒಂದು ರೋಗವಾದರೆ ನನ್ನದು ಅದರ ಎದುರು ರೋಗ. ಗಂಟೆ ಬಾರಿಸುವ ತನಕ ಮಾತು ನಿಲ್ಲಿಸಬಾರದು, ಗೊತ್ತಿಲ್ಲವೆಂದವನು ಅರ್ಧ ಸೋತಂತೆ: ಇದು ನನ್ನ ತರಬೇತಿ. ಆ ಕೊಠಡಿಯಲ್ಲಿ ಗಂಟೆಯಿಲ್ಲ.

ಅಧಿಕಾರಿ ಕೇಳಿದ ಪ್ರಶ್ನೆಗಳು ಸರಳವಾಗಿದ್ದವು. ನಿಮ್ಮ ಮಗಳಿಗೆ ಆಪ್ತ ಗೆಳತಿ ಯಾರು? ಈಚೆಗೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದರೇ? ಸಂತೋಷವಾಗಿದ್ದರೇ? ಒಂದೊಂದು ಪ್ರಶ್ನೆಗೂ ನನ್ನೊಳಗೆ ಒಂದೇ ಯೋಚನೆ ಬರುತ್ತಿತ್ತು: ಇದಕ್ಕೆ ಅವನು ಉತ್ತರ ಬಲ್ಲ. ಅವಳು ಯಾವ ಮಗ್ಗುಲಿಗೆ ಮಲಗುತ್ತಾಳೆ, ಯಾವುದಕ್ಕೆ ಅಳುತ್ತಾಳೆ, ಈಗ ಟೀಗೆ ಸಕ್ಕರೆ ಹಾಕಿಕೊಳ್ಳುತ್ತಾಳೋ ಬಿಟ್ಟಳೋ, ಎಲ್ಲವನ್ನೂ ಅವನು ಬಲ್ಲ. ಆಸ್ಪತ್ರೆಯಲ್ಲಿಯೂ ಹೀಗೆಯೇ ಆಗಿತ್ತು. ಅವಳ ಕೈಗಡಿಯಾರ, ಅಳತೆಯ ಟೇಪು, ಮೊಂಡು ಪೆನ್ಸಿಲ್ಲು ಇದ್ದ ಪೊಟ್ಟಣವನ್ನು ಹಿಡಿದು ಬಂದವನಿಗೆ ನಾನು ಕೈ ಚಾಚಿದೆ. "ಸ್ವಲ್ಪ ಪಕ್ಕಕ್ಕೆ ಬನ್ನಿ ಯಜಮಾನ್ರೇ. ಗಂಡ ಯಾರು?" ಎಂದು ಅವನು ನಿಮ್ಮನ್ನು ಹುಡುಕಿಕೊಂಡು ಹೋದ. ಆ ಕೈಗಡಿಯಾರ ನಾನು ಕೊಡಿಸಿದ್ದು.

ಗೊತ್ತಿಲ್ಲವೆಂದು ಹೇಳಬೇಕಿದ್ದ ಜಾಗಗಳಲ್ಲೆಲ್ಲ ಹೀಗೆ ನಾನು ಗೊತ್ತಿದ್ದ ಒಂದನ್ನು ತಂದಿಟ್ಟೆ. ಅವಳಿಗೆ ಚಿಕ್ಕಂದಿನಿಂದಲೂ ಎತ್ತರದ ಭಯ ಎಂದೆ.

ಅದು ಸುಳ್ಳಲ್ಲ. ಉದ್ಯಾನವನದ ಜಾರುಬಂಡೆಯ ತುದಿ ಹತ್ತಿ ಅವಳು ಕಲ್ಲಾಗಿ ನಿಂತುಬಿಟ್ಟಿದ್ದಳು. ಹಿಂದೆ ಸಾಲಿನಲ್ಲಿದ್ದ ಮಕ್ಕಳು ಕೂಗಾಡುತ್ತಿದ್ದವು. ಕಚೇರಿಯ ಬೂಟಿನಲ್ಲೇ ಆ ಕಬ್ಬಿಣದ ಮೆಟ್ಟಿಲು ಹತ್ತಿ, ಬೆನ್ನ ಮೇಲೆ ಹೊತ್ತು ಇಳಿಸಿದೆ. ಅವಳ ಉಗುರು ನಾಟಿದ ಗುರುತು ವಾರಗಟ್ಟಲೆ ಕುತ್ತಿಗೆಯಲ್ಲಿತ್ತು. ಅಂದಿನಿಂದ ಬಾಲ್ಕನಿಯಿರಲಿ, ಸೇತುವೆಯಿರಲಿ, ಸಿನಿಮಾ ಮಂದಿರದ ಮೇಲಂತಸ್ತಿರಲಿ, ಕೆಳಗೆ ಆಳ ಕಾಣುವ ಜಾಗ ಬಂದ ಕೂಡಲೇ ಒಂದು ಪುಟ್ಟ ಬೆವರುಗೈ ನನ್ನ ಕೈಯೊಳಗೆ ಬಂದು ಸೇರುತ್ತಿತ್ತು. ಮಾತಿನಲ್ಲಿ ನನ್ನ ಮುಂದೆ ಎಂದೂ ಸೋಲೊಪ್ಪದ ಹುಡುಗಿ ಎತ್ತರದಲ್ಲಿ ಮಾತ್ರ ನನ್ನವಳಾಗುತ್ತಿದ್ದಳು. ನಾನು ಅವಳನ್ನು ಎತ್ತರದ ಜಾಗಗಳಿಗೆ ಬೇಕೆಂದೇ ಕರೆದೊಯ್ಯುತ್ತಿದ್ದೆ. ಆ ಭಯ ನನ್ನ ಆಸ್ತಿಯಾಗಿತ್ತು.

ಅಧಿಕಾರಿ ಕೀಲಿಮಣೆಯಿಂದ ಕೈ ತೆಗೆದು ನೋಡಿದಳು. "ಹಾಗಾದ್ರೆ ಆ ಛಾವಣಿ ಅಂಚಿಗೆ ಅವರಾಗೇ ಹೋಗ್ತಿರಲಿಲ್ಲ ಅಂತೀರಾ, ಸರ್?"

"ನಾನು ಬಲ್ಲ ನನ್ನ ಮಗಳು ಹೋಗುತ್ತಿರಲಿಲ್ಲ" ಎಂದೆ.

ವೇದಿಕೆಯ ಮೇಲಾಗಿದ್ದರೆ ಚಪ್ಪಾಳೆ ಬೀಳುವ ವಾಕ್ಯ. ಅಲ್ಲಿ ಕೀಲಿಮಣೆಯ ಸದ್ದು ಬಂತು. ನಿಮಗೆ ಮತ್ತೆ ಕರೆ ಬಂದದ್ದು ಈ ವಾಕ್ಯದಿಂದ. ಎತ್ತರಕ್ಕೆ ಅಂಜುವ ಹೆಂಗಸು, ಮೇಲೆ ಗಂಡಹೆಂಡಿರ ಹೊರತು ಯಾರೂ ಇಲ್ಲ, ಆಕೆ ಅಂಚಿನಿಂದ ಬಿದ್ದಿದ್ದಾಳೆ. ಈ ಮೂರನ್ನು ಕೂಡಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಲು ಪೊಲೀಸರಾಗಬೇಕಿಲ್ಲ.

ಆದ್ದರಿಂದ ಬುಧವಾರ ನೀವು ಹೇಳಬೇಕಾದ್ದು, ಕಂಡದ್ದಷ್ಟೇ, ನಡೆದ ಕ್ರಮದಲ್ಲಿ. ಅಂಗಡಿಗಳು ತೆರೆಯುವ ಮುನ್ನವೇ ನೀವಿಬ್ಬರೂ ಕೆಲಸ ಮುಗಿಸುವುದು ರೂಢಿ, ಬೀದಿಯಲ್ಲಿ ಜನವಿದ್ದರೆ ಏಣಿಗೆ ಜಾಗವಿರುವುದಿಲ್ಲ. ಆ ದಿನ ಬಟ್ಟೆ ಅಂಗಡಿಯ ಛಾವಣಿಯ ಮೇಲಿನ ದೊಡ್ಡ ಫಲಕ. ಕೆಂಪು ಬಣ್ಣ ಮುಗಿಯಿತು. ಡಬ್ಬಿ ತರಲು ನೀವು ಇಳಿದಿರಿ. ಮೆಟ್ಟಿಲಿನಲ್ಲಿದ್ದಾಗ ಸದ್ದು ಕೇಳಿಸಿತು. ಅವಳು ಹೇಗೆ ಬಿದ್ದಳೆಂದು ನೀವು ನೋಡಿಲ್ಲ. ಆದ್ದರಿಂದ ಅದನ್ನು ವಿವರಿಸಬೇಡಿ. ಕಾಲು ಜಾರಿರಬೇಕು, ತಲೆ ಸುತ್ತಿರಬೇಕು ಎಂದು ಅವರಿಗೆ ಸಹಾಯ ಮಾಡಲು ಹೋಗಬೇಡಿ. ಅವಳಿಗೆ ಎತ್ತರದ ಭಯವಿತ್ತಲ್ಲ ಎನ್ನುತ್ತಾರೆ. ಅದು ಯಾವಾಗ ಹೋಯಿತು, ಹೇಗೆ ಹೋಯಿತು, ನೀವು ಏನು ಮಾಡಿದಿರಿ ಎಂಬುದನ್ನು ಹೇಳಿ. ನಾನು ಅದನ್ನು ಕೇಳಿ ತಿಳಿದವನಲ್ಲ. ಕೇಳಲೇ ಇಲ್ಲ. ಅವಳು ಏಣಿ ಹತ್ತುತ್ತಿದ್ದುದನ್ನು ನೀವಲ್ಲದೆ ಯಾರು ನೋಡಿದ್ದಾರೆ ಎಂದು ಖಂಡಿತ ಕೇಳುತ್ತಾರೆ. ಯಾರೂ ನೋಡಿಲ್ಲ ಎನ್ನಬೇಡಿ. ಯಾರಾದರೂ ನೋಡಿದ್ದರೆ ನನಗೆ ಗೊತ್ತಿರಲಿಲ್ಲ ಎನ್ನಿ. ಎರಡರ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿದೆ.

ಕೊನೆಯಲ್ಲಿ ಹಾಳೆಗಳನ್ನು ಮುಂದೆ ಸರಿಸಿ ಪೆನ್ನು ಕೊಡುತ್ತಾರೆ. ಓದದೆ ಸಹಿ ಮಾಡಬೇಡಿ. ನಿಧಾನವಾಗಿ, ಬೋರ್ಡಿನ ಅಕ್ಷರ ತಿದ್ದುವಂತೆ ಓದಿ. ನೀವು ಹೇಳದ ಮಾತಿದ್ದರೆ ತಿದ್ದಿಸಿ. ಪ್ರತಿ ಕೇಳಿ. ನಾನು ಓದದೆಯೇ ಸಹಿ ಮಾಡಿದೆ. ನನ್ನ ಮಾತಿನ ಮೇಲೆ ನನಗಷ್ಟು ನಂಬಿಕೆ.

ಈ ಬೆಳಗ್ಗೆ ನಾನು ಬರೆಯುತ್ತಿರುವಾಗ ನಿಮ್ಮ ಅತ್ತೆ ಬಂದು ನಿಂತಳು. "ನಿಜ ಹೇಳಿ. ಅವನು ಅಂಥ ಕೆಲಸ ಮಾಡ್ದ ಅಂತ ನಿಮಗೆ ಅನ್ಸುತ್ತಾ?"

ಸಾಕ್ಷ್ಯವಿಲ್ಲದೆ ಏನನ್ನೂ ಹೇಳಲಾಗದು ಎಂದೆ.

"ಸಾಕ್ಷ್ಯ ಯಾರು ಕೇಳಿದ್ರು? ಅನ್ಸುತ್ತಾ ಅಂತ ಕೇಳ್ದೆ. ಮಗಳೂ ಹೋದ್ಲು. ಇನ್ನೂ ಯಾರ ಹತ್ರ ಗೆಲ್ಬೇಕು ನಿಮಗೆ?" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಲೋಟಕ್ಕೆ ಚಮಚ ತಗುಲಿದ ಸದ್ದಾಯಿತು. ಸಕ್ಕರೆ ಕಲಕುತ್ತಿದ್ದಳೋ, ನನ್ನ ಸಮಯ ಮುಗಿಯಿತೆಂದು ಹೇಳುತ್ತಿದ್ದಳೋ ತಿಳಿಯದು.

ನಿಮ್ಮನ್ನು ನಾನು ಬಹುವಚನದಲ್ಲಿ ಕರೆಯುವುದನ್ನು ಕಂಡು ಮಗಳು ಒಮ್ಮೆ ಕೆಣಕಿದ್ದಳು: "ಅಪ್ಪ, ನೀವು ಅವನಿಗೆ 'ನೀವು' ಅನ್ನೋದು ಮರ್ಯಾದೆಗಲ್ಲ, ಬೇಲಿಗೆ." ಪ್ರತಿವಾದಕ್ಕೆ ಅವಕಾಶ ಕೊಡದೆ ಹೇಳಿದ ಮಾತು. ಈಗ ಉತ್ತರ ಹೊಳೆದಿದೆ, ಕೇಳುವವಳಿಲ್ಲ.

ಇಷ್ಟು ಸಾಕು. ಬುಧವಾರ ಒಗೆದ ಅಂಗಿ ಹಾಕಿಕೊಂಡು ಹೋಗಿ, ಕೈಯಲ್ಲಿ ಬಣ್ಣದ ಕಲೆ ಬೇಡ. ಆ ಫಲಕದ ಬಣ್ಣ ಕೆಂಪು.

ಇಂತು,
ನಿಮ್ಮ ಮಾವ

ಮರೆತ ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬಾರದೆ ಬಿಟ್ಟದ್ದು.

ಅವಳು ಏಣಿಯ ಮೇಲಿದ್ದುದನ್ನು ನೋಡಿದವನೊಬ್ಬನಿದ್ದಾನೆ. ಹೋದ ಚಳಿಗಾಲದಲ್ಲಿ ಬೆಳಗಿನ ನಡಿಗೆಗೆಂದು ಹೊರಟವನು ಔಷಧಿ ಅಂಗಡಿಯ ತಿರುವಿಗೆ ಬಂದೆ. ಅವಳು ಏಣಿಯ ತುತ್ತತುದಿಯಲ್ಲಿದ್ದಳು. ಒಂದು ಕೈಯಲ್ಲಿ ಕುಂಚ. ಇನ್ನೊಂದು ಕೈ ಎಲ್ಲಿದೆಯೆಂದು ನೋಡಿದೆ. ಅದು ಯಾವುದನ್ನೂ ಹಿಡಿದಿರಲಿಲ್ಲ. ಸುಮ್ಮನೆ ಗಾಳಿಯಲ್ಲಿ ತಾಳ ಹಾಕುತ್ತಿತ್ತು. ಹಾಡುತ್ತಿದ್ದಳೆಂದು ಕಾಣುತ್ತದೆ, ನನಗೆ ಕೇಳಿಸಲಿಲ್ಲ. ಕೆಳಗೆ ಏಣಿ ಹಿಡಿದು ನೀನಿದ್ದೆ. ನಾನು ಕರೆಯಲಿಲ್ಲ. ತಿರುಗಿ ಬೇರೆ ದಾರಿಯಲ್ಲಿ ಮನೆಗೆ ಬಂದೆ. ತಡವಾಯಿತೇಕೆಂದು ನಿನ್ನ ಅತ್ತೆ ಕೇಳಿದಾಗ ಚಪ್ಪಲಿ ಕಿತ್ತಿತು ಎಂದೆ. ಠಾಣೆಯಲ್ಲಿ ಎತ್ತರದ ಮಾತಾಡುವಾಗ ಆ ಕೈ ನನ್ನ ಕಣ್ಣ ಮುಂದೆಯೇ ಇತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾಳೆ ಬೆಳಗ್ಗೆ, ಯಾರೂ ಕರೆಯದೆ, ಠಾಣೆಗೆ ಹೋಗುತ್ತಿದ್ದೇನೆ. ಹಿಂದಿನ ಹೇಳಿಕೆ ಅರೆಸತ್ಯವೆಂದು ಬರೆಸುತ್ತೇನೆ. ಅದರ ಫಲ ನನಗಿರಲಿ. ಈ ಕಾಗದವನ್ನು ಬಚ್ಚಿಡಬೇಡ. ಪೊಲೀಸರು ಕೇಳಿದರೆ ವಕೀಲನ ಕೈಯಿಂದ ಕೊಡಿಸು.

ಕಂಡದ್ದರಲ್ಲಿ ಇನ್ನೊಂದು ಉಳಿಯಿತು. ಏಣಿ ಹಿಡಿದವನು ಸಾಮಾನ್ಯವಾಗಿ ಏಣಿಯ ಕಾಲನ್ನು ನೋಡುತ್ತಾನೆ, ಬೀದಿಯನ್ನು ನೋಡುತ್ತಾನೆ. ನೀನು ಮುಖವೆತ್ತಿ ಅವಳನ್ನೇ ನೋಡುತ್ತಿದ್ದೆ. ಹಾಗೆ ನೋಡುವವನು ತಳ್ಳಲಾರ. ಇದು ಊಹೆ. ಊಹೆಯನ್ನು ಅಲ್ಲಿ ಹೇಳಬಾರದೆಂದು ಮೇಲೆ ನಾನೇ ಬರೆದಿದ್ದೇನೆ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ.